ಎಂಜಿನ್ ಕೋಡ್ ಬಂದರೆ ‘ಸೆನ್ಸರ್ ಹೋಗಿದೆ’ ಅನ್ನುವುದು ಸರಿಯೇ?

ಎಲ್ಲರಿಗೂ ನಮಸ್ಕಾರ.

ಎಂಜಿನ್ ಬದಲಿಸಿದ ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಸೆನ್ಸರ್ ಕೋಡ್ (ತೊಂದರೆ ಕಂಡಾಗ ಕಾರಿನ ಕಂಪ್ಯೂಟರ್ ಬರೆದಿಡುವ ಸಂಖ್ಯೆ) ಓದಿ ತೊಂದರೆ ಹುಡುಕುವ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕು. ಮುಖ್ಯವಾಗಿ ‘ಸೆನ್ಸರ್ ಹೋಗಿದೆ’ ಅನ್ನುವ ಮಾತಿನ ಬಗ್ಗೆ.

ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಯಾವ ಸೆನ್ಸರ್ ಹೆಸರು ಕಂಡರೂ ನಾವು ಹೇಳುವುದು ಇದನ್ನೇ. ಕೇಳಿದವರು ಹೊಸ ಸೆನ್ಸರ್ ತಂದು ಹಾಕುತ್ತಾರೆ. ಕೋಡ್ ಮತ್ತೆ ಬರುತ್ತದೆ. ಏಕೆಂದರೆ ಆ ಸೆನ್ಸರ್ ಕಡೆಯಿಂದ ಬರುವ ಸುದ್ದಿ ಸರಿಯಿಲ್ಲ ಅಂತಷ್ಟೇ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹೇಳುತ್ತಿರುತ್ತದೆ. ಸೆನ್ಸರ್ರೇ ಕೆಟ್ಟಿದೆ ಅಂತ ಅದು ಹೇಳಿರುವುದಿಲ್ಲ. ಎಂಜಿನ್ ಬದಲಿಸಿದ ಕಾರಿನಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು. ಅಲ್ಲಿ ಎಂಜಿನ್ ಒಂದು ಕಾರಿನದು, ವೈರಿಂಗ್ ಇನ್ನೊಂದರದು, ಇಸಿಯು ಯಾವುದರದೋ.

ಪಿ0118 ತೆಗೆದುಕೊಳ್ಳಿ. ಕೂಲೆಂಟ್ ಬಿಸಿ ಅಳೆಯುವ ಸೆನ್ಸರ್ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಜಾಸ್ತಿ ಅಂತ ಇದರ ಅರ್ಥ. ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಕಡಿಮೆಯಾಗುತ್ತದೆ. ಇಸಿಯು ಸಾಮಾನ್ಯವಾಗಿ 5 ವೋಲ್ಟ್ ಕಳಿಸಿ, ಅದು ಎಷ್ಟಕ್ಕೆ ಇಳಿಯಿತು ಅಂತ ನೋಡುತ್ತದೆ. ವೈರು ತುಂಡಾಗಿದ್ದರೆ ವೋಲ್ಟೇಜ್ ಇಳಿಯುವುದೇ ಇಲ್ಲ. ಆಗ ಸ್ಕ್ಯಾನರ್‌ನಲ್ಲಿ ಹೆಚ್ಚಾಗಿ ಮೈನಸ್ 40 ಡಿಗ್ರಿ ಕಾಣುತ್ತದೆ. ಎರಡು ವೈರಿನ ಸೆನ್ಸರ್ ಆಗಿದ್ದರೆ ಕನೆಕ್ಟರ್ ಬಿಚ್ಚಿ, ವೈರಿನ ಕಡೆಯ ಎರಡು ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ ನೋಡಬಹುದು. ಆಗ ಸ್ಕ್ಯಾನರ್‌ನಲ್ಲಿ ಬಿಸಿ ವಿಪರೀತ ಏರಿ, ವೋಲ್ಟೇಜ್ ಕಡಿಮೆ ಅನ್ನುವ ಪಿ0117 ಬಂದರೆ ವೈರೂ ಇಸಿಯೂ ಸರಿಯಾಗಿವೆ. ಅನುಮಾನ ಸೆನ್ಸರ್ ಮೇಲೆ ಉಳಿಯುತ್ತದೆ. ಏನೂ ಬದಲಾಗದಿದ್ದರೆ ವೈರು ಹಿಡಿದು ಹಿಂದಕ್ಕೆ ಹೋಗಬೇಕು. ಇಂಥ ಕೋಡ್‌ಗೆ ‘ದಾರಿ ಕಡಿದಿದೆ’ ಅಂದರೆ ಓದುವವರ ಕೈ ಮೊದಲು ವೈರಿನ ಕಡೆ ಹೋಗುತ್ತದೆ ಅನ್ನಿಸುತ್ತದೆ. ವೈರುಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿದ್ದರೂ ಇದೇ ಮಾತು ನಡೆಯುತ್ತದೆಯೇ? ನನಗೆ ಒಪ್ಪುವುದಿಲ್ಲ. ಬೇರೆ ಮಾತಿದ್ದರೆ ಹೇಳಿ.

ಪಿ0335 ಇನ್ನೊಂದು ಬಗೆ. ಇದು ಕ್ರ್ಯಾಂಕ್ ಸೆನ್ಸರ್‌ನದು, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡದ ತಿರುಗಾಟವನ್ನು ಚಕ್ರದ ಹಲ್ಲುಗಳಿಂದ ತಿಳಿಯುವ ಸೆನ್ಸರ್‌ನದು. ಕೆಲವು ಎಂಜಿನ್‌ಗಳ ಕ್ರ್ಯಾಂಕ್ ಚಕ್ರದಲ್ಲಿ 60 ಹಲ್ಲುಗಳ ಜಾಗವಿದ್ದು 2 ಹಲ್ಲು ಖಾಲಿ ಇರುತ್ತವೆ. ಕೆಲವುದರಲ್ಲಿ 36ಕ್ಕೆ 1 ಖಾಲಿ. ಹಳೆ ಎಂಜಿನ್ ಒಂದು ಬಗೆಯದಾಗಿ, ಹೊಸದಾಗಿ ಕೂರಿಸಿದ್ದು ಇನ್ನೊಂದು ಬಗೆಯದಾದರೆ ಹಳೆ ಇಸಿಯು ತಾನು ಕಾಯುತ್ತಿದ್ದ ಲೆಕ್ಕವನ್ನು ಕಾಣುವುದೇ ಇಲ್ಲ. ಸೆನ್ಸರ್ ಚೆನ್ನಾಗಿದೆ, ವೈರೂ ಚೆನ್ನಾಗಿದೆ, ಆದರೂ ಕೋಡ್ ಬರಬಹುದು. ಪಿ0016 ಕೂಡ ಹತ್ತಿರದ್ದೇ. ಕ್ರ್ಯಾಂಕ್ ಹೇಳುವುದಕ್ಕೂ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹೇಳುವುದಕ್ಕೂ ಹೊಂದಿಕೆ ಇಲ್ಲ ಅನ್ನುವ ಕೋಡ್ ಅದು. ಎರಡನ್ನೂ ಜೋಡಿಸುವ ಟೈಮಿಂಗ್ ಚೈನ್ ಹಿಗ್ಗಿರಬಹುದು, ಒಂದು ಹಲ್ಲು ಆಚೀಚೆ ಕೂತಿರಬಹುದು. ಇವಕ್ಕೆ ‘ತಾಳೆಯಾಗುತ್ತಿಲ್ಲ’ ಅನ್ನುವ ಮಾತು ನನಗೆ ತುಂಬ ಹಿಡಿಸಿದೆ. ಲೆಕ್ಕಪತ್ರದಲ್ಲಿ ಎರಡು ಮೊತ್ತ ಹೊಂದದಿದ್ದಾಗ ನಾವು ಹೇಳುವ ಮಾತದು. ಯಾವ ಕಡೆ ತಪ್ಪಿದೆ ಅಂತ ಅದು ಮೊದಲೇ ತೀರ್ಮಾನ ಮಾಡುವುದಿಲ್ಲ. ಕೋಡ್ ಹೇಳುವುದೂ ಅಷ್ಟೇ ಅಲ್ವಾ?

ಇನ್ನು ಕಾರಿನಲ್ಲಿ ಇಲ್ಲವೇ ಇಲ್ಲದ ಸೆನ್ಸರ್‌ಗೆ ಬರುವ ಕೋಡ್. ಇಸಿಯು ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಆಚೆ ಎರಡನೇ ಆಕ್ಸಿಜನ್ ಸೆನ್ಸರ್ ಇದೆ ಅಂತ ನಂಬಿರುತ್ತದೆ. ಎಂಜಿನ್ ಬದಲಿಸಿದವರು ಅದನ್ನು ಹಾಕಿರುವುದೇ ಇಲ್ಲ. ಆಗ ಆ ಸೆನ್ಸರ್ ಸರ್ಕ್ಯೂಟ್‌ನ ಪಿ0136, ಅದರ ಹೀಟರ್‌ನ ಪಿ0141 ಬರಬಹುದು. ಇಲ್ಲಿ ‘ಹೋಗಿದೆ’ ಅಂದರೆ ದೊಡ್ಡ ಗೊಂದಲ. ಕನ್ನಡದಲ್ಲಿ ‘ಹೋಗಿದೆ’ ಅಂದರೆ ಕೆಟ್ಟಿದೆ ಅಂತಲೂ ಆಗುತ್ತದೆ, ಇಲ್ಲವಾಗಿದೆ ಅಂತಲೂ ಆಗುತ್ತದೆ. ‘ಸೆನ್ಸರ್ ಹಾಕಿಲ್ಲ’ ಅಂತ ನೇರವಾಗಿ ಬರೆಯುವುದೇ ಒಳ್ಳೆಯದು ಅಂದುಕೊಂಡಿದ್ದೇನೆ.

ಕೋಡ್ ಅನ್ನುವುದಕ್ಕೆ ‘ದೋಷ ಸಂಕೇತ’ ಬಳಸಬಹುದೇ ಅಂತಲೂ ಯೋಚಿಸಿದೆ. ಬೇಡ ಅನ್ನಿಸಿತು. ದೋಷ ಅಂದ ಕೂಡಲೇ ಆ ವಸ್ತುವಿನಲ್ಲೇ ಕೊರತೆ ಇದೆ ಅನ್ನುವ ಭಾವ ಬರುತ್ತದೆ. ‘ದೂರು ಕೋಡ್’ ಅಂದರೆ ಹೇಗೆ? ದೂರಿಗೆ ದೂರುವವರು ಒಬ್ಬರು ಇರುತ್ತಾರೆ, ಇಲ್ಲಿ ಅದು ಇಸಿಯು. ದೂರು ಬಂದರೆ ವಿಚಾರಿಸಬೇಕು, ಆಮೇಲೆ ತೀರ್ಮಾನ. ಗ್ಯಾರೇಜ್‌ನವರು ಸುಮ್ನೆ ‘ಕೋಡ್’ ಅಂತಲೇ ಅನ್ನುತ್ತಾರೆ, ಅದು ಹಾಗೇ ಇರಲಿ. ಬಿಡಿಸಿ ಹೇಳಬೇಕಾದ ಕಡೆ ಮಾತ್ರ ‘ದೂರು’ ಬಳಸುವ ಆಸೆ.

ಅರ್ತ್ ಅನ್ನುವುದಕ್ಕೆ ‘ಭೂಸಂಪರ್ಕ’ ಖಂಡಿತ ಬಳಸುವುದಿಲ್ಲ. ಕಾರಿನ ಅರ್ತ್ ಅಂದರೆ ಬ್ಯಾಟರಿಯ ನೆಗೆಟಿವ್‌ಗೆ ಹಿಂದಿರುಗುವ ದಾರಿ, ಅದಕ್ಕೂ ನೆಲಕ್ಕೂ ಸಂಬಂಧವಿಲ್ಲ. ಎಂಜಿನ್ ಇಳಿಸಿ ಏರಿಸುವಾಗ ಎಂಜಿನ್‌ನಿಂದ ಕಾರಿನ ಬಾಡಿಯ ಕಡೆ ಹೋಗುವ ಅರ್ತ್ ಪಟ್ಟಿ ಹಾಕುವುದನ್ನು ಮರೆತರೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕೋಡ್‌ಗಳು ಒಟ್ಟಿಗೆ ಬರಬಹುದು. ಓದುವವರಿಗೆ ಅದು ತಕ್ಷಣ ಅರ್ಥವಾಗಬೇಕು. ‘ಅರ್ತ್’ ಅಂತಲೇ ಬರೆಯುತ್ತೇನೆ.

ಕೊನೆಯದು, ಪೆಂಡಿಂಗ್ ಕೋಡ್. ತೊಂದರೆ ಒಮ್ಮೆ ಕಂಡಿದೆ, ಇಸಿಯು ಇನ್ನೂ ಖಚಿತ ಮಾಡಿಕೊಂಡಿಲ್ಲ. ಎಷ್ಟೋ ಕೋಡ್‌ಗಳಲ್ಲಿ ಮುಂದಿನ ಓಡಾಟದಲ್ಲೂ ಕಂಡರೆ ಮಾತ್ರ ಡ್ಯಾಶ್‌ಬೋರ್ಡ್‌ನ ದೀಪ ಹತ್ತುತ್ತದೆ. ‘ಬಾಕಿ ಕೋಡ್’ ಅಂದರೆ ಕೊಡಬೇಕಾದ್ದು ಉಳಿದಿದೆ ಅನ್ನಿಸುತ್ತದೆ. ‘ಅನುಮಾನದ ಕೋಡ್’, ‘ಖಚಿತ ಕೋಡ್’ ಅನ್ನುವ ಜೋಡಿ ನಿಮಗೆ ಹೇಗನ್ನಿಸುತ್ತದೆ? ಗ್ಯಾರೇಜ್ ಕೆಲಸ ಬಲ್ಲವರು ಬೇರೆ ಮಾತು ಬಳಸುತ್ತಿದ್ದರೆ ಅದನ್ನೇ ತಿಳಿಸಿ, ನಾನು ಕಟ್ಟಿದ ಪದಕ್ಕಿಂತ ಅದೇ ಮೇಲು.