ಅಪ್‌ಡೇಟ್: ತಂಡದೊಂದಿಗೆ ವಿದೇಶದಲ್ಲಿ ಮೊದಲ ದಿನಗಳು

ಈಜು ಸ್ಪರ್ಧೆಗಾಗಿ ತಂಡದೊಂದಿಗೆ ಮೊದಲ ಬಾರಿ ವಿದೇಶಕ್ಕೆ ಹೊರಟಾಗ, ಬದಲಾದ ಸಮಯಕ್ಕೂ ಹೊಸ ಕೊಳಕ್ಕೂ ಒಗ್ಗಿಕೊಳ್ಳುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದಗಳು.

ನಿದ್ದೆ ಈಗ ಹಳಿಗೆ ಬಂದಿದೆ. ನಾವು ಬಂದದ್ದು ಪೂರ್ವ ದಿಕ್ಕಿಗೆ, ಹಾಗಾಗಿ ದೇಹಕ್ಕೆ ಒಗ್ಗಿದ್ದಕ್ಕಿಂತ ಬೇಗ ಮಲಗಿ ಬೇಗ ಏಳಬೇಕಿತ್ತು. ಬೆಳಗಿನ ಬಿಸಿಲಿನಲ್ಲಿ ನಡೆಯುವ ಸಲಹೆ ನಿಜಕ್ಕೂ ಫಲಿಸಿತು.

ಕೊಳದ ವಿಷಯವೇ ಬೇರೆ. ನನ್ನ ಅಭ್ಯಾಸವೆಲ್ಲ 25 ಮೀಟರ್ ಕೊಳದಲ್ಲಿ, ಇಲ್ಲಿರುವುದು 50 ಮೀಟರ್. 200 ಮೀಟರ್ ಈಜಿನಲ್ಲಿ ಏಳು ತಿರುವುಗಳಿದ್ದಲ್ಲಿ ಈಗ ಮೂರೇ. ಗೋಡೆ ಒದ್ದು ಸಿಗುತ್ತಿದ್ದ ವೇಗವನ್ನು ತೋಳುಗಳೇ ದುಡಿದು ತರಬೇಕು. ಮೇಲೆ ಚಾವಣಿಯೂ ಇಲ್ಲ, ಬರೀ ಆಕಾಶ! ಬ್ಯಾಕ್‌ಸ್ಟ್ರೋಕ್‌ನಲ್ಲಿ, ಅಂದರೆ ಅಂಗಾತ ಈಜುವಾಗ, ನೇರವಾಗಿ ಸಾಗಲು ಲೇನ್ ಹಗ್ಗವನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದೇನೆ. ಗೋಡೆಗೆ 5 ಮೀಟರ್ ಮೊದಲು ಕೊಳದ ಮೇಲೆ ಕಟ್ಟಿರುವ ಬಾವುಟಗಳಿಂದ ಗೋಡೆಯವರೆಗೆ ಎಷ್ಟು ಬಾರಿ ತೋಳು ಬೀಸಬೇಕೆಂಬ ಎಣಿಕೆ ಮಾತ್ರ ಎಲ್ಲೆಡೆ ಒಂದೇ, ಅದೇ ದೊಡ್ಡ ಧೈರ್ಯ.

ತಂಡದ ಹಿರಿಯ ಈಜುಗಾರ್ತಿಯರು ಪ್ರತಿ ಊಟಕ್ಕೂ ನನ್ನನ್ನು ಕರೆದೊಯ್ಯುತ್ತಾರೆ. ನಾಳೆ ಬೆಳಿಗ್ಗೆ ನನ್ನ ಹೀಟ್ಸ್, ಅಂದರೆ ಆರಂಭಿಕ ಸುತ್ತು.