ಪಿಸಿಓಎಸ್: ಎಂಟು ತಿಂಗಳ ಮೆಟ್‌ಫಾರ್ಮಿನ್‌ಗೂ ಬಗ್ಗದ ಮುಖದ ಕೂದಲು

ಪ್ರಶ್ನೆ: ನಮಸ್ಕಾರ ಡಾಕ್ಟರ್. ನನಗೆ 26 ವರ್ಷ, ಪಿಸಿಓಎಸ್ (ಅಂಡಾಶಯದ ಹಾರ್ಮೋನುಗಳ ಏರುಪೇರಿನ ತೊಂದರೆ) ಇದೆ. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುತ್ತದೆ, ಗಲ್ಲದ ಮೇಲೆ ದಪ್ಪ ಕೂದಲಿದೆ. ಎಂಟು ತಿಂಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಂಡರೂ ಕೂದಲು ಕಡಿಮೆಯಾಗಿಲ್ಲ. ಈಗ ಗರ್ಭನಿರೋಧಕ ಮಾತ್ರೆ ಬರೆದುಕೊಟ್ಟಿದ್ದಾರೆ. ಗೆಳತಿಯೊಬ್ಬಳು ಸ್ಪೈರೊನೊಲ್ಯಾಕ್ಟೋನ್ ಮೇಲು ಎನ್ನುತ್ತಾಳೆ. ಯಾವುದು ಸರಿ?

ಉತ್ತರ: ಈ ಮೂರೂ ಬೇರೆ ಬೇರೆ ಕಡೆ ಕೆಲಸ ಮಾಡುವ ಔಷಧಗಳಾದ್ದರಿಂದ, ನಿಮ್ಮನ್ನು ಹೆಚ್ಚು ಕಾಡುತ್ತಿರುವ ತೊಂದರೆ ಯಾವುದೆಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಮೆಟ್‌ಫಾರ್ಮಿನ್ ಇನ್ಸುಲಿನ್ ಪ್ರತಿರೋಧವನ್ನು, ಅಂದರೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದನ್ನು, ತಗ್ಗಿಸುತ್ತದೆ, ಕೆಲವರಲ್ಲಿ ಮುಟ್ಟನ್ನೂ ಸರಿದಾರಿಗೆ ತರುತ್ತದೆ. ಕೂದಲಿನ ವಿಷಯದಲ್ಲಿ ಮಾತ್ರ ಅದರಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ಇದನ್ನು ಮೊದಲ ದಿನವೇ ನಿಮಗೆ ತಿಳಿಸಬೇಕಿತ್ತು.

ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೋಜೆನ್ ಎಂಬ ಎರಡೂ ಹಾರ್ಮೋನುಗಳಿರುವ ಗರ್ಭನಿರೋಧಕ ಮಾತ್ರೆಯು ಮುಖದ ಕೂದಲನ್ನು ದಪ್ಪಗಾಗಿಸುವ ಪುರುಷ ಹಾರ್ಮೋನು ಅಂಡಾಶಯದಲ್ಲಿ ತಯಾರಾಗುವುದನ್ನು ತಗ್ಗಿಸುವುದಲ್ಲದೆ, ರಕ್ತದಲ್ಲಿ ಟೆಸ್ಟೋಸ್ಟಿರೋನ್ ಎಂಬ ಆ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನನ್ನು ಯಕೃತ್ತು ಹೆಚ್ಚಾಗಿ ತಯಾರಿಸುವಂತೆ ಮಾಡುತ್ತದೆ. ಗರ್ಭಕೋಶದ ಒಳಪದರ ಅತಿಯಾಗಿ ಬೆಳೆಯದಂತೆಯೂ ಕಾಯುತ್ತದೆ. ಆದ್ದರಿಂದ ಮುಟ್ಟು, ಕೂದಲು ಎರಡೂ ಇರುವ ನಿಮಗೆ ಅದೇ ಮೊದಲ ಆಯ್ಕೆ ಎಂಬುದು ನನ್ನ ಅಭಿಪ್ರಾಯ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹಾಗೆಯೇ ಹೇಳುತ್ತದೆ. ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಕಣ್ಣ ಮುಂದೆ ಮಿಂಚು ಕಾಣಿಸಿಕೊಂಡು ಬರುವ ಮೈಗ್ರೇನ್ ಇದ್ದರೆ ಅಥವಾ ರಕ್ತದೊತ್ತಡ ಹೆಚ್ಚಿದ್ದರೆ ಈ ಮಾತ್ರೆ ಬೇಡ. ವೈದ್ಯರಿಗೆ ಮೊದಲೇ ತಿಳಿಸಿ.

ಸ್ಪೈರೊನೊಲ್ಯಾಕ್ಟೋನ್ ಕೂದಲಿನ ಬುಡದಲ್ಲಿ ಪುರುಷ ಹಾರ್ಮೋನಿಗೆ ಅಡ್ಡ ನಿಲ್ಲುತ್ತದೆ. ಆರು ತಿಂಗಳು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡ ಮೇಲೂ ಸಾಲದಿದ್ದರೆ ಅದನ್ನು ಸೇರಿಸುವುದುಂಟು. ಅದನ್ನು ಸೇವಿಸುವಾಗ ಗರ್ಭ ನಿಂತರೆ ಗಂಡು ಭ್ರೂಣದ ಜನನಾಂಗದ ಬೆಳವಣಿಗೆಗೆ ಅಡ್ಡಿಯಾಗಬಹುದಾದ್ದರಿಂದ, ಭರವಸೆಯ ಗರ್ಭನಿರೋಧಕವಿಲ್ಲದೆ ಅದನ್ನು ಕೊಡುವಂತಿಲ್ಲ. ಗೆಳತಿಗೂ ಇದನ್ನು ದಯವಿಟ್ಟು ತಿಳಿಸಿ.

ಪ್ರಶ್ನೆ: ಆರು ತಿಂಗಳೇ? ಈ ಮಾತ್ರೆಯಿಂದ ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಿಲ್ಲವೇ?

ಉತ್ತರ: ಒಂದೊಂದು ಕೂದಲಿಗೂ ಬೆಳೆದು ಉದುರುವ ತನ್ನದೇ ಅವಧಿಯಿದ್ದು, ಈಗಾಗಲೇ ದಪ್ಪಗಾದದ್ದನ್ನು ಯಾವ ಮಾತ್ರೆಯೂ ಕೀಳುವುದಿಲ್ಲ; ಹೊಸದಾಗಿ ಬರುವುದು ತೆಳ್ಳಗಾಗುತ್ತದೆ, ಅಷ್ಟೆ. ಇರುವುದಕ್ಕೆ ಲೇಸರ್ ಚಿಕಿತ್ಸೆಯನ್ನು ಜೊತೆಗೇ ಮಾಡಿಸಬಹುದು. ಗರ್ಭನಿರೋಧಕ ಮಾತ್ರೆಯಿಂದ ಬಂಜೆತನ ಬರುವುದಿಲ್ಲ. ಮಗು ಬೇಕೆನಿಸಿದಾಗ ಅದನ್ನು ನಿಲ್ಲಿಸಿ, ಅಂಡೋತ್ಪತ್ತಿ ತಾನಾಗಿ ಆಗದಿದ್ದರೆ ಲೆಟ್ರೊಜೋಲ್ ಕೊಡುತ್ತೇವೆ.

ಪ್ರಶ್ನೆ: ಹಾಗಾದರೆ ಮೆಟ್‌ಫಾರ್ಮಿನ್ ಬಿಡಲೇ?

ಉತ್ತರ: ತೂಕ ಅಥವಾ ಸಕ್ಕರೆಯ ಪ್ರಮಾಣ ಹೆಚ್ಚಿದ್ದರೆ ಎರಡನ್ನೂ ಒಟ್ಟಿಗೆ ಮುಂದುವರಿಸಬಹುದು. ಸಕ್ಕರೆಯ ವರದಿ ನೋಡದೆ ಬಿಡಿ ಎನ್ನಲಾರೆ. ನಿಮ್ಮ ವೈದ್ಯರೊಡನೆ ಕೂತು ತೀರ್ಮಾನಿಸಿ.