ನ್ಯೂಯಾರ್ಕ್ ಬಾರ್ ಪರೀಕ್ಷೆಯಲ್ಲಿ 268, ಟೆಕ್ಸಾಸ್‌ಗೆ ಎರಡು ಅಂಕ ಕಮ್ಮಿ. ದಾರಿ ಇದೆಯಾ?

ಮುಳಬಾಗಿಲಿನವನು

ಗೊತ್ತಿದ್ದವರು ಸ್ವಲ್ಪ ಹೇಳಿ. ನನ್ನ ತಂಗಿ ಬೆಂಗಳೂರಿನಲ್ಲಿ ಐದು ವರ್ಷದ ಎಲ್‌ಎಲ್‌ಬಿ ಮುಗಿಸಿ, ಕೋಲಾರ ಕೋರ್ಟಿನಲ್ಲಿ ಒಂದು ವರ್ಷ ಸೀನಿಯರ್ ಹಿಂದೆ ಫೈಲು ಹೊತ್ತುಕೊಂಡು ಓಡಾಡಿ, ಆಮೇಲೆ ನ್ಯೂಯಾರ್ಕ್‌ಗೆ ಹೋಗಿ ಎಲ್‌ಎಲ್‌ಎಂ ಮಾಡಿದಳು. ಜುಲೈನಲ್ಲಿ ಅಲ್ಲಿನ ಬಾರ್ ಪರೀಕ್ಷೆ, ಅಂದರೆ ವಕೀಲಿ ಮಾಡೋಕೆ ಪಾಸಾಗಬೇಕಾದ ಪರೀಕ್ಷೆ, ಬರೆದಳು. 400ಕ್ಕೆ 268 ಬಂತು. ಪಾಸಾಗೋಕೆ 266 ಸಾಕು. ಅಪ್ಪ ಎರಡು ಕೆಜಿ ಮೈಸೂರು ಪಾಕ್ ತಂದು ಬೀದಿಗೆಲ್ಲ ಹಂಚಿದರು.

ಈಗ ಭಾವನ ಕೆಲಸ ಡಲ್ಲಾಸ್‌ಗೆ ಹೋಗಿದೆ. ಅಂಕವನ್ನು ಟೆಕ್ಸಾಸ್‌ಗೆ ವರ್ಗ ಮಾಡಿಸಿದರೆ ಆಯ್ತು ಅಂದುಕೊಂಡಿದ್ದೆವು. ನೋಡಿದರೆ ಅಲ್ಲಿ 270 ಬೇಕಂತೆ! ಪ್ರಶ್ನೆಪತ್ರಿಕೆ ಒಂದೇ, ದಿನ ಒಂದೇ, ಆದರೆ ಒಂದು ಕಡೆ ಪಾಸು ಇನ್ನೊಂದು ಕಡೆ ಇಲ್ಲ. ಅಪ್ಪನ ತಲೆಗೆ ಇದು ಹೋಗುತ್ತಲೇ ಇಲ್ಲ. "ಕೋಲಾರದಲ್ಲಿ ಪಾಸಾದವಳು ಚಿತ್ತೂರಲ್ಲಿ ಫೇಲಾಗ್ತಾಳಾ?" ಅಂತಾರೆ. ರೀವ್ಯಾಲ್ಯುಯೇಷನ್‌ಗೆ ಹಾಕು ಅಂತ ದಿನಾ ಒಂದೇ ಮಾತು.

ಕರಿಕೋಟು ಶ್ರೀನಿವಾಸಪುರ

ಇಷ್ಟಕ್ಕೆ ಗಾಬರಿ ಯಾಕೆ? ನಾನು ಕರ್ನಾಟಕದಲ್ಲಿ ಎನ್‌ರೋಲ್ ಆಗಿ ಎಐಬಿಇ, ಅಂದರೆ ವಕೀಲರ ಅಖಿಲ ಭಾರತ ಪರೀಕ್ಷೆ, ಪಾಸು ಮಾಡಿದವನು. ತಿಂಗಳಿಗೆರಡು ಸಲ ಮದನಪಲ್ಲಿ ಕೋರ್ಟಿಗೆ ಹೋಗಿ ಕೇಸು ನಡೆಸಿ ಬರ್ತೀನಿ. ಎಷ್ಟು ಅಂಕ ಅಂತ ಯಾರೂ ಕೇಳಿಲ್ಲ. ವಕೀಲರ ಕಾಯ್ದೆಯ 30ನೇ ಕಲಂ ಇದೆಯಲ್ಲ, ಇಡೀ ದೇಶಕ್ಕೆ ಒಂದೇ ಸನ್ನದು. ಅಲ್ಲೂ ಹಾಗೇ ಇರಬೇಕು.

ಚಿಂತಾಮಣಿ ಹುಡುಗಿ

ಸಾರ್, ಇಲ್ಲಿ ಹಾಗಿಲ್ಲ. ಅಮೆರಿಕದಲ್ಲಿ ಸನ್ನದು ಕೊಡೋದು ಆಯಾ ರಾಜ್ಯ. ಪರೀಕ್ಷೆ ಮಾತ್ರ ಎಷ್ಟೋ ರಾಜ್ಯಗಳಿಗೆ ಒಂದೇ, ಅದನ್ನು ಯುಬಿಇ ಅಂತಾರೆ. ಎರಡು ದಿನ ನಡೆಯುತ್ತೆ. 200 ಬಹು ಆಯ್ಕೆ ಪ್ರಶ್ನೆ, ಆರು ಪ್ರಬಂಧ, ಜೊತೆಗೆ ಕಕ್ಷಿದಾರನ ಫೈಲು ಕೊಟ್ಟು ಮೆಮೊ ಬರೆಸೋ ಥರದ್ದು ಎರಡು. ಎಷ್ಟಕ್ಕೆ ಪಾಸು ಅನ್ನೋದು ರಾಜ್ಯದ ಇಷ್ಟ. ಮಿಸೌರಿಗೆ 260 ಸಾಕು, ನ್ಯೂಯಾರ್ಕ್‌ಗೆ 266, ಟೆಕ್ಸಾಸ್‌ಗೆ 270. ರೀವ್ಯಾಲ್ಯುಯೇಷನ್ ನ್ಯೂಯಾರ್ಕ್‌ನಲ್ಲಿ ಇಲ್ಲವೇ ಇಲ್ಲ, ಅಪ್ಪನಿಗೆ ಹೇಳಿಬಿಡಿ.

ಆದರೆ ಎರಡು ಅಂಕದ್ದೇ ಚಿಂತೆ ಮಾಡಬೇಡಿ. ವರ್ಗ ಆಗೋದು ಅಂಕ ಮಾತ್ರ, ಅರ್ಹತೆಯನ್ನು ಪ್ರತಿ ರಾಜ್ಯವೂ ಹೊಸದಾಗಿ ನೋಡುತ್ತೆ. ನಮ್ಮಂಥವರು ಎಡವೋದು ಅಲ್ಲೇ. ನನಗೆ 271 ಬಂದಿತ್ತು. ನ್ಯೂಜೆರ್ಸಿಗೆ 266 ಸಾಕು ಅಂತ ಖುಷಿಯಿಂದ ನೋಡಿದರೆ ಅಲ್ಲಿ ಅಮೆರಿಕದ ಮೂಲ ಕಾನೂನು ಪದವಿ ಜೆಡಿಯೇ ಬೇಕು, ನಮ್ಮ ಎಲ್‌ಎಲ್‌ಬಿ ಜೊತೆ ಎಲ್‌ಎಲ್‌ಎಂ ಇದ್ದರೂ ನಡೆಯಲ್ಲ. ವಾಷಿಂಗ್ಟನ್ ಡಿಸಿಗೆ ಬಂದೆ. ಅಲ್ಲಿ ಪರೀಕ್ಷೆಗೆ ಬರೋ ವಿಷಯಗಳಲ್ಲಿ 26 ಕ್ರೆಡಿಟ್ ಕೇಳಿದರು. ನನ್ನ ಹತ್ತಿರ ಇದ್ದದ್ದು 24, ನ್ಯೂಯಾರ್ಕ್ ಕೇಳೋದು ಅಷ್ಟೇ ಅಂತ ಲೆಕ್ಕ ಹಾಕಿ ಓದಿದ್ದೆ. ಆ ಎರಡು ಕ್ರೆಡಿಟ್‌ಗೆ ಸಾಕ್ಷ್ಯ ಕಾನೂನಿನ ಪೇಪರ್ ಒಂದನ್ನು ದುಡ್ಡು ಕಟ್ಟಿ ಮತ್ತೆ ಓದಿದೆ, ರಾತ್ರಿ ಒಂಬತ್ತರ ಕ್ಲಾಸು, ಸುತ್ತ ಇಪ್ಪತ್ಮೂರು ವರ್ಷದ ಮಕ್ಕಳು.

ತಂಗಿ ಮೊದಲು ಟೆಕ್ಸಾಸ್‌ನ ರೂಲ್ 13 ಓದಲಿ, ವಿದೇಶದಲ್ಲಿ ಓದಿದವರ ವಿಷಯ ಇರೋದು ಅದರಲ್ಲಿ. ಎಲ್‌ಎಲ್‌ಎಂ ಅಂಕಪಟ್ಟಿ ಪಕ್ಕದಲ್ಲಿ ಇಟ್ಟುಕೊಂಡು ಓದಬೇಕು. ಅದು ಸರಿ ಹೋದರೆ ಮಾತ್ರ ಅಲ್ಲಿ ಮತ್ತೆ ಬರೆಯೋ ಮಾತು, ಫೆಬ್ರವರಿಯಲ್ಲೂ ಜುಲೈನಲ್ಲೂ ನಡೆಯುತ್ತೆ. ಬರೆದರೆ ಪೂರ್ತಿ ಬರೆಯಬೇಕು. ಹಳೆಯದರಲ್ಲಿ ಚೆನ್ನಾಗಿ ಬಂದ ಭಾಗವನ್ನು ಹೊಸದಕ್ಕೆ ಸೇರಿಸೋಕಾಗಲ್ಲ.

ಇನ್ನೊಂದು. ಪಾಸಾದ ಮಾತ್ರಕ್ಕೆ ನ್ಯೂಯಾರ್ಕ್ ಸನ್ನದು ಸಿಕ್ಕಿಲ್ಲ, ಅಲ್ವಾ? ವಕೀಲರ ವೃತ್ತಿ ನೀತಿಯ ಪರೀಕ್ಷೆ ಎಂಪಿಆರ್‌ಇಯಲ್ಲಿ 85 ಬೇಕು, 50 ಗಂಟೆ ಉಚಿತ ಕಾನೂನು ಸೇವೆ ಮಾಡಿರಬೇಕು, ನ್ಯೂಯಾರ್ಕ್ ಕಾನೂನಿನ ಆನ್‌ಲೈನ್ ಕೋರ್ಸು, ಅದರ ಸಣ್ಣ ಪರೀಕ್ಷೆ. ಮೂರು ವರ್ಷದೊಳಗೆ ಅರ್ಜಿ ಹಾಕಬೇಕು. ಇದನ್ನು ಮುಗಿಸಿಕೊಳ್ಳಲಿ. ವಲಸೆ ಕಾನೂನು ಕೇಂದ್ರದ್ದು, ಯಾವ ರಾಜ್ಯದ ಸನ್ನದು ಇದ್ದರೂ ವಲಸೆ ಕೋರ್ಟಿನಲ್ಲಿ ನಿಲ್ಲಬಹುದು. ಡಲ್ಲಾಸ್‌ನಲ್ಲಿ ಕೂತು ವೀಸಾ, ಗ್ರೀನ್ ಕಾರ್ಡ್ ಕೇಸು ಮಾಡಬಹುದು, ಟೆಕ್ಸಾಸ್ ಕಾನೂನಿನ ತಂಟೆಗೆ ಹೋಗದಿದ್ದರೆ ಸರಿ.

ಬಾಗೇಪಲ್ಲಿ ಗಡಿ

ನಡುವೆ ಬಂದೆ, ಬೇಜಾರಾಗಬೇಡಿ. ನಾನು ಆಂಧ್ರದಲ್ಲಿ ಎನ್‌ರೋಲ್ ಆದವನು, ಕೇಸೆಲ್ಲ ಚಿಕ್ಕಬಳ್ಳಾಪುರದಲ್ಲಿ. ಹೆಸರು ಇಲ್ಲಿಗೆ ತರಬೇಕಾದರೆ ಮತ್ತೆ ಎಐಬಿಇ ಬರೆಯಬೇಕಾ?

ಕರಿಕೋಟು ಶ್ರೀನಿವಾಸಪುರ

ಬೇಡ. 18ನೇ ಕಲಂ ಪ್ರಕಾರ ಬಾರ್ ಕೌನ್ಸಿಲ್ ಆಫ್ ಇಂಡಿಯಾಗೆ ಅರ್ಜಿ ಹಾಕಿ, ಅಲ್ಲಿ ತೆಗೆದು ಇಲ್ಲಿ ಸೇರಿಸ್ತಾರೆ. ಶಿಸ್ತು ಕ್ರಮದ ಕೇಸು ಬಾಕಿ ಇರಬಾರದು ಅಷ್ಟೇ. ಎರಡೂ ಕಡೆ ಹೆಸರು ಇಟ್ಟುಕೊಳ್ಳೋ ಹಾಗಿಲ್ಲ. ಚಿಂತಾಮಣಿಯವರೇ, ನನ್ನ ಮಾತು ತಪ್ಪಾಯ್ತು, ಒಪ್ಪಿದೆ.

ಮುಳಬಾಗಿಲಿನವನು

ತಂಗಿಗೆ ಫೋನ್ ಮಾಡಿದ್ದೆ. 50 ಗಂಟೆಯಲ್ಲಿ 32 ಆಗಿದೆಯಂತೆ. ಆ ಆನ್‌ಲೈನ್ ಕೋರ್ಸು ಇನ್ನೂ ಶುರುವೇ ಮಾಡಿಲ್ಲ, ಪಾಸಾದ ಖುಷಿಯಲ್ಲಿ ಮರೆತೇ ಬಿಟ್ಟಿದ್ದಾಳೆ. ಇವತ್ತೇ ಕೂರುತ್ತೇನೆ ಅಂದಳು. ಅಂಕಪಟ್ಟಿ ಕಳಿಸಿದ್ದಾಳೆ, ರೂಲ್ 13 ಜೊತೆ ನಾನೂ ಕೂತು ನೋಡ್ತೀನಿ. ಅಪ್ಪನಿಗೆ ಮಾತ್ರ ಇನ್ನೂ ಹೇಳಿಲ್ಲ.